ಗುದ್ದಿನ ಯಂತ್ರಕ್ಕೆ ತಿಳಿಯದ ಲೆಕ್ಕ

ಈ ವರ್ಷ ನಮ್ಮೂರ ಜಾತ್ರೆಗೆ ಗುದ್ದಿನ ಯಂತ್ರವೊಂದು ಬಂದಿತ್ತು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಇನ್ನೂ ಒಳಗಿರುವ ಊರು ನಮ್ಮದು. ಇಂಥದ್ದೆಲ್ಲ ಇಲ್ಲಿಗೆ ತಲುಪುವುದು ತಡವಾಗಿ. ಬಳೆ ಅಂಗಡಿ, ಚರುಮುರಿ ಗಾಡಿ, ಐಸ್‌ಕ್ರೀಂ ಪೆಟ್ಟಿಗೆಗಳ ಸಾಲಿನ ಕಟ್ಟಕಡೆಗೆ, ಜನರೇಟರಿನ ಪಕ್ಕದಲ್ಲಿ ಅದನ್ನು ನಿಲ್ಲಿಸಿದ್ದರು. ಕೆಂಪು ಚೆಂಡೊಂದು ಮೇಲಿನಿಂದ ಇಳಿಯುತ್ತದೆ. ಇಪ್ಪತ್ತು ರೂಪಾಯಿ ಕೊಟ್ಟವರು ಅದಕ್ಕೊಂದು ಗುದ್ದು ಹಾಕಬಹುದು. ಗುದ್ದಿದೊಡನೆ ಬಣ್ಣದ ದೀಪಗಳು ಮಿಣುಕಿ ಒಂದು ಸಂಖ್ಯೆ ಮೂಡುತ್ತದೆ. ಪ್ಲಸ್ ಟು ಓದುತ್ತಿರುವ ನನ್ನ ತಂಗಿಯ ಮಗ ಐದು ಸಲ ಗುದ್ದಿ, ನೂರು ರೂಪಾಯಿ ಕಳೆದು, ತನಗಿಂತ ಸಣಕಲಾದ ಗೆಳೆಯನ ಸಂಖ್ಯೆಯನ್ನು ದಾಟಲಾರದೆ ಮುಖ ಊದಿಸಿಕೊಂಡು ಬಂದ.

ಮನೆಗೆ ನಡೆಯುವಾಗ ಗುಡ್ಡದ ದಾರಿಯಲ್ಲಿ ಅವನು ಕೇಳಿದ: "ಮಾವ, ಲೋಕದಲ್ಲಿ ಎಲ್ಲರಿಗಿಂತ ಜೋರಾಗಿ ಗುದ್ದಿದವರು ಯಾರು? ಅವರೇ ಚಾಂಪಿಯನ್ ಆಗಿರಬೇಕಲ್ಲ?"

ಒಂದರಲ್ಲೇ ಎರಡು ಪ್ರಶ್ನೆಗಳಿದ್ದವು. ಮೊದಲನೆಯದಕ್ಕೆ ಜಗಳವಾಡದೆ ಉತ್ತರ ಹೇಳಲಾಗದು. ಎರಡನೆಯದಕ್ಕೆ ನನ್ನಲ್ಲಿ ಒಂದು ಹೆಸರು ಸಿದ್ಧವಿತ್ತು: ಅರ್ನಿ ಶೇವರ್ಸ್. ಅಮೆರಿಕದ ಈ ಹೆವಿವೇಯ್ಟ್ ಬಾಕ್ಸರ್‌ನ ಗುದ್ದು ತಿಂದ ಮುಹಮ್ಮದ್ ಅಲಿ, ಆ ಪೆಟ್ಟಿಗೆ ಆಫ್ರಿಕದಲ್ಲಿದ್ದ ತನ್ನ ಬಂಧುಬಳಗವೂ ಅಲುಗಾಡಿತೆಂಬ ಅರ್ಥದ ಮಾತನ್ನು ಆಡಿದ್ದರು. ಅಂಥ ಗುದ್ದು ಇದ್ದೂ ಶೇವರ್ಸ್ ಒಮ್ಮೆಯೂ ವಿಶ್ವ ಚಾಂಪಿಯನ್ ಆಗಲಿಲ್ಲ. ಯಾಕೆಂದು ಬಿಡಿಸಿ ಹೇಳಿದರೆ ವೃತ್ತಿಪರ ಬಾಕ್ಸಿಂಗ್ ಎಂಬ ವಿಚಿತ್ರ ವ್ಯವಹಾರ ಅರ್ಧಕ್ಕರ್ಧ ಅರ್ಥವಾಗುತ್ತದೆ.

ಮೊದಲು ಗುದ್ದಿನ ವಿಷಯವನ್ನೇ ನೋಡೋಣ. ಜಾತ್ರೆಯ ಇಂಥ ಹೆಚ್ಚಿನ ಯಂತ್ರಗಳು ಅಳೆಯುವುದು ಚೆಂಡು ಎಷ್ಟು ಬೇಗ ಹಿಂದಕ್ಕೆ ಹೋಯಿತು ಎಂಬುದನ್ನು ಮಾತ್ರ. ಆದ್ದರಿಂದ ತೋಳಿನ ಗಾತ್ರ ನೋಡಿ ಅದರ ಮುಂದೆ ಪಣ ಕಟ್ಟಬಾರದು. ಗುದ್ದು ಹುಟ್ಟುವುದು ಪಾದದಲ್ಲಿ. ನಮ್ಮ ಜಿಲ್ಲೆಯಲ್ಲಿ ಹಗ್ಗಜಗ್ಗಾಟ ನೋಡದವರಿಲ್ಲ. ಗೆಲ್ಲುವ ತಂಡದವರು ಹಗ್ಗವನ್ನು ಕೈಯಿಂದ ಎಳೆಯುವುದಿಲ್ಲ. ಕೈ ಹಿಡಿದಿರುತ್ತದೆ ಅಷ್ಟೆ. ಹಿಮ್ಮಡಿಯನ್ನು ನೆಲಕ್ಕೆ ಊರಿ, ಸೊಂಟ ತಗ್ಗಿಸಿ, ಕಾಲಿನಿಂದ ಭೂಮಿಯನ್ನು ತಳ್ಳುತ್ತಾರೆ. ಬಾಕ್ಸರ್ ಮಾಡುವುದೂ ಅದನ್ನೇ, ದಿಕ್ಕು ಮಾತ್ರ ಬೇರೆ. ಹಿಂಗಾಲು ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಸೊಂಟದ ಹಿಂದೆಯೇ ಭುಜ ಬರುತ್ತದೆ, ಎಲ್ಲಕ್ಕೂ ಕೊನೆಯಲ್ಲಿ ಮುಷ್ಟಿ ಹೊರಡುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಮುಂಚೆ ಅಥವಾ ತಡವಾಗಿ ಬಂದರೆ ಎಂಥ ದೈತ್ಯನ ಗುದ್ದೂ ತಳ್ಳಾಟವಾಗಿ ಮುಗಿಯುತ್ತದೆ. ಮುಷ್ಟಿ ತಗಲುವ ಕ್ಷಣದಲ್ಲಿ ಮಣಿಕಟ್ಟು, ಮೊಣಕೈ, ಭುಜಗಳು ಬಿಗಿಯಾಗಿ ಸೇರಿಕೊಂಡಿರಬೇಕು; ಆಗ ಮಾತ್ರ ಕೈಯ ತೂಕದ ಹಿಂದೆ ಮೈಯ ತೂಕವೂ ಹೋಗುತ್ತದೆ. ಸಣಕಲು ಹುಡುಗ ಗೆದ್ದ ಗುಟ್ಟು ಇಷ್ಟೇ ಇರಬೇಕು. ಅವನು ಕಬಡ್ಡಿ ಆಡುವವನು, ಸೊಂಟ ತಿರುಗಿಸಲು ಬಲ್ಲವನು.

ಇದನ್ನು ಪ್ರಯೋಗಾಲಯದಲ್ಲಿ ಅಳೆದವರೂ ಇದ್ದಾರೆ. 1985ರಲ್ಲಿ ಬ್ರಿಟನ್ನಿನ ಸಂಶೋಧಕರು ಆ ದೇಶದ ಹೆವಿವೇಯ್ಟ್ ಬಾಕ್ಸರ್ ಫ್ರಾಂಕ್ ಬ್ರೂನೊ ಅವರ ಗುದ್ದನ್ನು ಅಳೆದರು. ಮುಷ್ಟಿ ಗುರಿ ತಲುಪುವಾಗಿನ ವೇಗ ಸೆಕೆಂಡಿಗೆ 8.9 ಮೀಟರ್, ಅಂದರೆ ಗಂಟೆಗೆ ಸುಮಾರು 32 ಕಿಲೋಮೀಟರ್. ಊರೊಳಗಿನ ರಸ್ತೆಯಲ್ಲಿ ಸ್ಕೂಟರ್ ಹೋಗುವ ವೇಗ. ಕೇಳಲು ದೊಡ್ಡದೆನಿಸುವುದಿಲ್ಲ. ಆದರೆ ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗದಷ್ಟು ಸಮಯದಲ್ಲಿ ಆ ಗುದ್ದು ದಾಟಿಸಿದ ಬಲ 4,096 ನ್ಯೂಟನ್. ಆರು ಕಿಲೋ ತೂಕದ ಮರದ ಕೊಡತಿಗೆ ಮೆತ್ತೆ ಸುತ್ತಿ ಅದೇ ವೇಗದಲ್ಲಿ ಬೀಸಿದರೆ ಬೀಳುವ ಪೆಟ್ಟಿಗೆ ಸಮ ಎಂದು ಅವರು ಹೋಲಿಸಿದರು. ಶೇವರ್ಸ್ ಅವರ ಗುದ್ದನ್ನು ಹೀಗೆ ಯಂತ್ರದಲ್ಲಿ ಅಳೆದ ಲೆಕ್ಕ ಇಟ್ಟುಕೊಂಡು ನಾನು ಮಾತನಾಡುತ್ತಿಲ್ಲ. ಅದನ್ನು ತಿಂದವರ ಮಾತೇ ಇಲ್ಲಿ ಅಳತೆಗೋಲು.

ಮನುಷ್ಯ ನೆಲಕ್ಕುರುಳುವುದು ನೋವಿನಿಂದ ಎಂದು ನನ್ನ ಅಳಿಯ ತಿಳಿದಿದ್ದ. ತುಂಬಾ ಜನ ಹಾಗೆಯೇ ತಿಳಿದಿದ್ದಾರೆ. ತುಂಬಿದ ಕೊಡಪಾನವನ್ನು ಕೈಯಲ್ಲಿ ಹಿಡಿದು ಗಕ್ಕನೆ ತಿರುಗಿಸಿ ನೋಡಿ. ಕೊಡ ತಿರುಗುತ್ತದೆ, ನೀರು ಒಂದು ಕ್ಷಣ ಹಿಂದೆಯೇ ಉಳಿಯುತ್ತದೆ. ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುವ ಮಿದುಳಿನ ಪಾಡೂ ಅದೇ. ಗದ್ದಕ್ಕೆ ಪಕ್ಕದಿಂದ ಬಿದ್ದ ಗುದ್ದು ತಲೆಯನ್ನು ಕುತ್ತಿಗೆಯ ಮೇಲೆ ಒಮ್ಮೆಲೇ ತಿರುಗಿಸುತ್ತದೆ. ಗದ್ದ ಮೀಟುಗೋಲಿನ ತುದಿಯಾಗುತ್ತದೆ. ಬುರುಡೆ ತಿರುಗಿದಷ್ಟು ಬೇಗ ಮಿದುಳು ತಿರುಗುವುದಿಲ್ಲ. ಅದರೊಳಗಿನ ನರತಂತುಗಳು ಎಳೆದಾಡಿಹೋಗುತ್ತವೆ, ಎಚ್ಚರವನ್ನು ಕಾಯುವ ಭಾಗದ ಕೆಲಸ ಒಂದಷ್ಟು ಹೊತ್ತು ತಪ್ಪುತ್ತದೆ, ಕಾಲು ಕುಸಿಯುತ್ತದೆ. ನಾಕೌಟ್ ಎಂದರೆ ಇದು. ನೋವು ಗೊತ್ತಾಗುವುದು ಎದ್ದ ಮೇಲೆ.

ಗ್ಲೌಸ್ ಇದೆಯಲ್ಲ ಎನ್ನಬಹುದು. ಗ್ಲೌಸ್ ಕಾಯುವುದು ಮುಖ್ಯವಾಗಿ ಹೊಡೆಯುವವರ ಬೆರಳುಗಳನ್ನು. ಬರಿಗೈಯಲ್ಲಿ ತಲೆಬುರುಡೆಗೆ ಪೂರ್ಣ ಬಲದಿಂದ ಗುದ್ದಿದರೆ ಮುರಿಯುವುದು ಹೆಚ್ಚಾಗಿ ಅಂಗೈಯ ಮೂಳೆ. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳು ಗ್ಲೌಸನ್ನೂ ಮೂರು ನಿಮಿಷದ ಸುತ್ತನ್ನೂ ನಡುವೆ ಒಂದು ನಿಮಿಷದ ವಿರಾಮವನ್ನೂ ತಂದವು. ಮುಷ್ಟಿಗೆ ಮೆತ್ತೆ ಸಿಕ್ಕಿದ್ದರಿಂದ ತಲೆಗೆ ಬೀಳುವ ಹೊಡೆತಗಳ ಸಂಖ್ಯೆ ಏರಿತು. ಮುಖದ ಗಾಯ ಕಡಿಮೆಯಾಗಿ ಮಿದುಳಿನ ಗಾಯ ಹೆಚ್ಚಾದ ಆಟ ಇದು. ಹೊರಗಿನಿಂದ ನೋಡುವವರ ಕಣ್ಣಿಗೆ ಸಭ್ಯವಾಗಿ ಕಾಣಿಸುತ್ತದೆ.

ಇನ್ನು ಶೇವರ್ಸ್. 1944ರ ಆಗಸ್ಟ್ 31ರಂದು ಅಲಬಾಮಾದ ಹಳ್ಳಿಯೊಂದರಲ್ಲಿ ಹುಟ್ಟಿ ಒಹಾಯೋದಲ್ಲಿ ಬೆಳೆದವರು. ಬಾಕ್ಸಿಂಗ್ ಶುರುಮಾಡಿದ್ದೇ ಇಪ್ಪತ್ತು ದಾಟಿದ ಮೇಲೆ. ಈ ಆಟದಲ್ಲಿ ಅದು ತೀರಾ ತಡ. ಹತ್ತು ಹನ್ನೆರಡರಲ್ಲಿ ಶುರುಮಾಡಿದವರ ಕಾಲಿಗೆ ಬರುವ ಸಹಜತೆ ಮತ್ತೆ ಬರುವುದು ಕಷ್ಟ. 1969ರಲ್ಲಿ ಅಮೆರಿಕದ ಹವ್ಯಾಸಿ ಹೆವಿವೇಯ್ಟ್ ಚಾಂಪಿಯನ್ ಆಗಿ ಅದೇ ವರ್ಷ ವೃತ್ತಿಗೆ ಇಳಿದರು. ಸಾಮಾನ್ಯವಾಗಿ ಉಲ್ಲೇಖಿಸುವ ಲೆಕ್ಕದಂತೆ ಅವರದು 74 ಗೆಲುವು, 14 ಸೋಲು, 1 ಸಮ. ಆ 74 ಗೆಲುವುಗಳಲ್ಲಿ 68 ನಾಕೌಟ್. ನೂರಕ್ಕೆ ತೊಂಬತ್ತೆರಡರ ಹತ್ತಿರ.

ಈ ಲೆಕ್ಕವನ್ನು ನೋಡಿದೊಡನೆ ಅಳಿಯನ ಕಣ್ಣರಳಿತು. ಅವನಿಗೆ ಇನ್ನೊಂದು ಲೆಕ್ಕ ತೋರಿಸಿದೆ. ಜಾರ್ಜ್ ಫೋರ್‌ಮನ್: 76 ಗೆಲುವು, 5 ಸೋಲು, ನಾಕೌಟ್ ಅಲ್ಲಿಯೂ ಅರವತ್ತೆಂಟೇ. ಒಬ್ಬರು 1973ರಲ್ಲಿ ಒಮ್ಮೆ, 1994ರಲ್ಲಿ ನಲವತ್ತೈದರ ವಯಸ್ಸಿನಲ್ಲಿ ಮತ್ತೊಮ್ಮೆ ವಿಶ್ವ ಚಾಂಪಿಯನ್. ಇನ್ನೊಬ್ಬರಿಗೆ ಪಟ್ಟವೇ ಇಲ್ಲ. ಅರವತ್ತೆಂಟು ಮತ್ತು ಅರವತ್ತೆಂಟರ ನಡುವಿನ ಈ ಅಂತರ ಎಲ್ಲಿಂದ ಬಂತು?

ಮೊದಲು ಗಮನಿಸಬೇಕಾದದ್ದು ಎದುರಾಳಿ ಯಾರು ಎಂಬುದನ್ನು. ವೃತ್ತಿಪರ ಬಾಕ್ಸಿಂಗಿಗೆ ಲೀಗ್ ಇಲ್ಲ, ಅಂಕಪಟ್ಟಿ ಇಲ್ಲ, ಇಂಥವರು ಇಂಥವರೊಡನೆ ಆಡಲೇಬೇಕೆಂಬ ಕಟ್ಟುಪಾಡೂ ಬಹುಮಟ್ಟಿಗೆ ಇಲ್ಲ. ಜೋಡಿ ಮಾಡುವುದೇ ಒಂದು ಉದ್ಯೋಗ. ಅವರನ್ನು ಮ್ಯಾಚ್‌ಮೇಕರ್ ಎನ್ನುತ್ತಾರೆ. ತುಳುನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಕೋಳಿ ಅಂಕದಲ್ಲಿ ಅನುಭವಸ್ಥರು ಯಾವ ಬಣ್ಣದ ಹುಂಜಕ್ಕೆ ಯಾವ ಹುಂಜ, ಯಾವ ಹೊತ್ತಿನಲ್ಲಿ ಎಂದು ಕುಕ್ಕುಟ ಪಂಚಾಂಗ ಹಿಡಿದು ಲೆಕ್ಕ ಹಾಕುತ್ತಾರೆ. (ಕಾನೂನು ಅದನ್ನು ಒಪ್ಪುವುದಿಲ್ಲ ಎಂಬುದು ನನಗೂ ಗೊತ್ತು.) ಅರ್ಧ ಅಂಕ ಕಣಕ್ಕಿಳಿಯುವ ಮೊದಲೇ ಮುಗಿದಿರುತ್ತದೆ. ಬಾಕ್ಸಿಂಗಿನಲ್ಲಿಯೂ ಭರವಸೆಯ ಹುಡುಗನಿಗೆ ಮೊದಲ ಹತ್ತಿಪ್ಪತ್ತು ಪಂದ್ಯಗಳಲ್ಲಿ ಸೋಲುವುದೇ ಕಸುಬಾದವರನ್ನು, ಮುದುಕರಾದವರನ್ನು, ಎರಡು ದಿನ ಮೊದಲು ಕರೆ ಬಂದು ಬಸ್ ಹತ್ತಿದವರನ್ನು ಜೋಡಿ ಮಾಡುತ್ತಾರೆ. ಗುದ್ದಿನ ಬಲ ಇದ್ದವನಿಗಂತೂ ಇದು ಹಬ್ಬ. ನಾಕೌಟ್ ಮೇಲೆ ನಾಕೌಟ್ ಸೇರುತ್ತದೆ, ಪತ್ರಿಕೆಯಲ್ಲಿ ಹೆಸರು ಬರುತ್ತದೆ, ಟಿಕೆಟ್ ಮಾರಾಟವಾಗುತ್ತದೆ.

ಆದರೆ ಹುಡುಗ ಒಂದನ್ನು ಕಲಿಯುವುದಿಲ್ಲ: ಗುದ್ದಿದ ಮೇಲೂ ಎದುರಾಳಿ ನಿಂತೇ ಇದ್ದರೆ ಮುಂದೇನು ಮಾಡಬೇಕು ಎಂಬುದನ್ನು.

ಶೇವರ್ಸ್ ಅವರ ವೃತ್ತಿ ಈ ಮಾದರಿಯದೇ. ಮೊದಲ ನಾಲ್ಕು ವರ್ಷಗಳೊಳಗೆ ನಲವತ್ತಕ್ಕೂ ಹೆಚ್ಚು ಗೆಲುವು. 1973ರ ಜೂನ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಿಂದಿನ ಚಾಂಪಿಯನ್ ಜಿಮ್ಮಿ ಎಲ್ಲಿಸ್ ಅವರನ್ನು ಮೊದಲ ಸುತ್ತಿನಲ್ಲೇ ಮಲಗಿಸಿದರು. ಆ ಸುತ್ತಿನಲ್ಲಿ ಮೊದಲು ತತ್ತರಿಸಿದ್ದು ಶೇವರ್ಸ್ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಅಲ್ಲಿಂದ ಸುಧಾರಿಸಿಕೊಂಡು ಕೆಳಗಿನಿಂದ ಎತ್ತಿದ ಒಂದು ಬಲಗೈ ಅಪ್ಪರ್‌ಕಟ್ ಕೆಲಸ ಮುಗಿಸಿತು. ಆರು ತಿಂಗಳ ಬಳಿಕ, ಅದೇ ರಿಂಗಿನಲ್ಲಿ, ಜೆರ್ರಿ ಕ್ವಾರಿ ಎದುರು ಅವರೇ ಮೊದಲ ಸುತ್ತಿನಲ್ಲಿ ಸೋತರು. ಜೋರಾಗಿ ಗುದ್ದಲು ಮುಂದೆ ಹೋಗಬೇಕು, ಹತ್ತಿರ ನಿಲ್ಲಬೇಕು, ಒಂದು ಕೈ ಗದ್ದವನ್ನು ಬಿಟ್ಟು ಹೊರಡಬೇಕು. ಗುದ್ದುವ ದೂರದಲ್ಲಿ ನಿಂತವನು ಗುದ್ದು ತಿನ್ನುವ ದೂರದಲ್ಲಿಯೂ ನಿಂತಿರುತ್ತಾನೆ.

ಜಿಮ್ಮಿ ಯಂಗ್ ಅವರ ಪ್ರಸಂಗ ನನಗೆ ಇನ್ನೂ ಇಷ್ಟ. 1973ರ ಆರಂಭದಲ್ಲಿ ಯಂಗ್ ಅವರನ್ನು ಶೇವರ್ಸ್ ಮೂರನೇ ಸುತ್ತಿನಲ್ಲಿ ಮುಗಿಸಿದ್ದರು. ಮರುವರ್ಷ ನವೆಂಬರ್‌ನಲ್ಲಿ ಅದೇ ಯಂಗ್ ಎದುರು ಹತ್ತು ಸುತ್ತು ಆಡಿಯೂ ಪಂದ್ಯ ಸಮವಾಯಿತು. ಶೇವರ್ಸ್ ಅವರ ಗುದ್ದು ನಡುವೆ ಮೃದುವಾಗಿರಲಿಲ್ಲ. ಯಂಗ್ ತಪ್ಪಿಸಿಕೊಳ್ಳಲು ಕಲಿತಿದ್ದರು, ಅಷ್ಟೆ. ಮುಂದೆ ಯಂಗ್ 1976ರಲ್ಲಿ ಅಲಿಯವರನ್ನು ಹದಿನೈದು ಸುತ್ತು ಕಾಡಿ ತೀರ್ಪಿನಲ್ಲಿ ಸೋತರು, 1977ರಲ್ಲಿ ಫೋರ್‌ಮನ್‌ರನ್ನು ಸೋಲಿಸಿದರು. ಅಂದರೆ ಶೇವರ್ಸ್ ಅವರ ಲೆಕ್ಕದಲ್ಲಿ 'ಯಂಗ್, ನಾಕೌಟ್' ಎಂದು ಬರೆದಿರುವ ಸಾಲು ನಿಜ. ಆದರೆ ಅದು ಇನ್ನೂ ಯಂಗ್ ಆಗಿರದ ಯಂಗ್ ಅವರ ಸಾಲು.

ನಮ್ಮ ಕಡೆಯವರಿಗೆ ಹೇಳುವುದಾದರೆ ಶೇವರ್ಸ್ ಯಕ್ಷಗಾನದ ಬಣ್ಣದ ವೇಷ. ದೊಂದಿಗೆ ರಾಳ ಎಸೆದು ಬೆಂಕಿ ಭುಗಿಲೆದ್ದಾಗ, ಚೆಂಡೆಯ ಅಬ್ಬರದಲ್ಲಿ ತೆರೆ ಸರಿದಾಗ ಮುಂದಿನ ಸಾಲಿನ ಮಕ್ಕಳು ಅಳುತ್ತಾರೆ. ಪ್ರವೇಶವೇ ಅರ್ಧ ಆಟ. ಆದರೆ ಪ್ರಸಂಗ ಬೆಳಗಿನ ತನಕ ಇರುತ್ತದೆ, ಹೊತ್ತು ಹೋದ ಹಾಗೆ ಮಾತು ಬಲ್ಲವರ ಕೈ ಮೇಲಾಗುತ್ತದೆ. ದೊಡ್ಡ ಗುದ್ದಿಗೆ ದೊಡ್ಡ ಸ್ನಾಯುಗಳ ಕೆಲಸ ಬೇಕು, ಅದಕ್ಕೆ ಆಮ್ಲಜನಕ ಬೇಕು. ಗುರಿ ತಪ್ಪಿದ ಗುದ್ದಿಗೆ ತಗಲಿದ ಗುದ್ದಿಗಿಂತ ಹೆಚ್ಚು ಖರ್ಚು. ಗಾಳಿ ತಡೆಯುವುದಿಲ್ಲವಾದ್ದರಿಂದ ತೋಳನ್ನು ತಾನೇ ನಿಲ್ಲಿಸಿ ಹಿಂದಕ್ಕೆ ತರಬೇಕು. ಶೇವರ್ಸ್ ನಾಲ್ಕೈದು ಸುತ್ತಿನ ಬಳಿಕ ದಣಿಯುತ್ತಾರೆ ಎಂಬ ಮಾತು ಎಲ್ಲ ಶಿಬಿರಗಳಿಗೂ ಗೊತ್ತಿತ್ತು. 1975ರಲ್ಲಿ ರಾನ್ ಲೈಲ್ ಅವರನ್ನು ಎರಡನೇ ಸುತ್ತಿನಲ್ಲಿ ಕೆಡವಿ, ಆರನೇ ಸುತ್ತಿನಲ್ಲಿ ತಾವೇ ಸೋತಿದ್ದರು.

ಅಲಿ ಎಂದರೆ ನಮ್ಮ ಜಿಲ್ಲೆಯಲ್ಲಿ ಪರಿಚಯ ಹೇಳಬೇಕಾಗಿಲ್ಲ. ಉಪ್ಪಳದಿಂದ ಕಾಞಂಗಾಡಿನ ತನಕ ಕೇಳಿ ನೋಡಿ, ಬಾಕ್ಸಿಂಗ್ ಗೊತ್ತಿಲ್ಲದವರಿಗೂ ಆ ಹೆಸರು ಗೊತ್ತು. ಪರಿಚಯ ಸ್ವಲ್ಪ ಹೆಚ್ಚೇ ಆಯಿತೋ ಏನೋ: 2016ರ ಜೂನ್‌ನಲ್ಲಿ ಅವರು ತೀರಿಕೊಂಡಾಗ ನಮ್ಮ ರಾಜ್ಯದ ಅಂದಿನ ಕ್ರೀಡಾ ಸಚಿವರು ಟಿವಿ ಚಾನೆಲ್ ಒಂದಕ್ಕೆ ಫೋನಿನಲ್ಲಿ ಸಂತಾಪ ಹೇಳುತ್ತ, ಅಲಿ ಚಿನ್ನದ ಪದಕ ಗೆದ್ದು ಕೇರಳದ ಕೀರ್ತಿಯನ್ನು ಎತ್ತಿಹಿಡಿದವರು ಎಂದುಬಿಟ್ಟರು. ರಾಜ್ಯವೆಲ್ಲ ನಕ್ಕಿತು. ಅಲಿಯವರು ದಕ್ಷಿಣಕ್ಕೆ ಬಂದದ್ದಂತೂ ನಿಜ. 1980ರಲ್ಲಿ ಮದರಾಸಿನಲ್ಲಿ ಪ್ರದರ್ಶನ ಪಂದ್ಯ ಆಡಿದ್ದರು. ಎದುರಿಗಿದ್ದವರು ಶೇವರ್ಸ್ ಒಂದೇ ಸುತ್ತಿನಲ್ಲಿ ಮಲಗಿಸಿದ್ದ ಅದೇ ಜಿಮ್ಮಿ ಎಲ್ಲಿಸ್.

1977ರ ಸೆಪ್ಟೆಂಬರ್ 29ರ ರಾತ್ರಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಲಿಯವರಿಗೆ ಮೂವತ್ತೈದು, ಶೇವರ್ಸ್ ಅವರಿಗೆ ಮೂವತ್ತಮೂರು. ಶೇವರ್ಸ್ ಅವರ ಬೋಳು ತಲೆ ನೋಡಿ ಅಲಿ ಅವರಿಗೆ ಓಕ್ ಮರದ ಬೀಜದ ಹೆಸರಿಟ್ಟು ಕಿಚಾಯಿಸಿದ್ದರು. ಎರಡನೇ ಸುತ್ತಿನಲ್ಲಿ ಶೇವರ್ಸ್ ಅವರ ಬಲಗೈ ಅಲಿಯವರ ತಲೆಗೆ ತಗಲಿತು. ಕಾಲು ನಿಜವಾಗಿಯೂ ಸಡಿಲವಾಯಿತು. ಆಗ ಅಲಿ ಮಾಡಿದ್ದನ್ನು ಬಾಕ್ಸಿಂಗ್ ಎನ್ನುವುದಕ್ಕಿಂತ ಅಭಿನಯ ಎನ್ನಬೇಕು. ಕಣ್ಣರಳಿಸಿ, ಬಾಯಿ ತೆರೆದು, ಪೆಟ್ಟು ತಿಂದವನ ನಟನೆ ಮಾಡಿದರು. ಪೆಟ್ಟು ತಿಂದವರೇ ಪೆಟ್ಟು ತಿಂದವರ ವೇಷ ಹಾಕಿದ್ದು! ಶೇವರ್ಸ್ ಅದನ್ನು ಬಲೆ ಎಂದು ತಿಳಿದರು. ಮುಂದೆ ಹದಿಮೂರು ಸುತ್ತು ಬಾಕಿ ಇದ್ದವು, ಉಸಿರು ಉಳಿಸಬೇಕಿತ್ತು, ಮುನ್ನುಗ್ಗಲಿಲ್ಲ. ವಿಶ್ವ ಪಟ್ಟ ಅವರಿಗೆ ಅತಿ ಹತ್ತಿರ ಬಂದ ಕ್ಷಣಗಳಲ್ಲಿ ಇದೊಂದು, ದೂರ ಹೋದದ್ದು ಒಂದು ಮುಖಭಾವಕ್ಕೆ.

ಆ ರಾತ್ರಿ ಇನ್ನೊಂದು ಕುತೂಹಲದ ಸಂಗತಿ ನಡೆಯಿತು. ಸಾಮಾನ್ಯವಾಗಿ ತೀರ್ಪುಗಾರರ ಅಂಕಗಳು ಪಂದ್ಯ ಮುಗಿಯುವ ತನಕ ಗುಟ್ಟಾಗಿರುತ್ತವೆ. ಅಂದು ಪ್ರಸಾರ ಮಾಡುತ್ತಿದ್ದ ಎನ್‌ಬಿಸಿ ಪ್ರತಿ ಸುತ್ತಿನ ಅಂಕವನ್ನು ಟಿವಿಯಲ್ಲಿ ತೋರಿಸಿತು. ಅಲಿಯವರ ತರಬೇತುದಾರ ಏಂಜೆಲೊ ಡಂಡಿ ಡ್ರೆಸ್ಸಿಂಗ್ ರೂಮಿನ ಟಿವಿ ಮುಂದೆ ಒಬ್ಬರನ್ನು ಕೂರಿಸಿ ಸನ್ನೆಯಿಂದ ಅಂಕ ತಿಳಿಯುವ ಏರ್ಪಾಡು ಮಾಡಿಕೊಂಡಿದ್ದರು. ಹನ್ನೆರಡು ಸುತ್ತು ಕಳೆಯುವಾಗ ತಮ್ಮವರು ಸಾಕಷ್ಟು ಮುಂದಿದ್ದಾರೆ, ಕಾಲಮೇಲೆ ನಿಂತರೆ ಸಾಕು ಎಂಬುದು ಅವರಿಗೆ ಗೊತ್ತಿತ್ತು. ಹದಿಮೂರು, ಹದಿನಾಲ್ಕನೇ ಸುತ್ತುಗಳಲ್ಲಿ ಶೇವರ್ಸ್ ಮತ್ತೆ ಅಲಿಯವರನ್ನು ಅಲ್ಲಾಡಿಸಿದರು. ಹದಿನೈದರಲ್ಲಿ ಎಲ್ಲಿಂದಲೋ ಶಕ್ತಿ ತಂದು ಅಲಿಯೇ ಶೇವರ್ಸ್‌ರನ್ನು ಬೀಳುವ ಹಂತಕ್ಕೆ ತಂದರು. ನ್ಯೂಯಾರ್ಕಿನಲ್ಲಿ ಆಗ ಸುತ್ತು ಎಣಿಸಿ ತೀರ್ಪು ಕೊಡುತ್ತಿದ್ದರು: ಇಬ್ಬರು ತೀರ್ಪುಗಾರರು 9-6, ರೆಫರಿ 9-5, ಒಂದು ಸುತ್ತು ಸಮ. ಮೂರೂ ಅಲಿಯವರ ಕಡೆಗೆ. ಆ ತೀರ್ಪುಗಾರರಲ್ಲಿ ಒಬ್ಬರು ಎವಾ ಶೈನ್, ಹೆವಿವೇಯ್ಟ್ ವಿಶ್ವ ಪಟ್ಟದ ಪಂದ್ಯಕ್ಕೆ ಅಂಕ ಕೊಟ್ಟ ಮೊದಲ ಮಹಿಳೆ.

ಈಗಿನ ಪದ್ಧತಿ ಬೇರೆ. ಸುತ್ತು ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9. ಒಮ್ಮೆ ಕೆಳಗೆ ಬಿದ್ದರೆ 8. ಮಿಂಚಿನಂಥ ಒಂದು ಗುದ್ದು ಹೊಡೆದು ಎದುರಾಳಿ ಬೀಳದಿದ್ದರೆ, ಆ ಸುತ್ತಿನ ಉಳಿದ ಹೊತ್ತೆಲ್ಲ ಅವರೇ ಚುರುಕಾಗಿ ಜಾಬ್ (ಮುಂದಿನ ಕೈಯ ಚುಟುಕು ನೇರ ಗುದ್ದು) ಹಾಕಿದ್ದರೆ, ಸುತ್ತು ಅವರದ್ದೇ ಆಗಬಹುದು. ಸಂಬಳ ತಿಂಗಳ ಕೊನೆಗೆ ಲೆಕ್ಕವಾಗುವ ಕೆಲಸದಲ್ಲಿ ಒಂದೇ ದಿನ ಹತ್ತು ಜನರ ಕೆಲಸ ಮಾಡಿದವನ ಸ್ಥಿತಿ. ಪಟ್ಟದ ಪಂದ್ಯಗಳು ಹದಿನೈದರಿಂದ ಹನ್ನೆರಡು ಸುತ್ತಿಗೆ ಇಳಿದದ್ದೂ ಆಮೇಲೆ. 1982ರ ನವೆಂಬರ್‌ನಲ್ಲಿ ಕೊರಿಯದ ಕಿಮ್ ದುಕ್-ಕೂ ರೇ ಮ್ಯಾನ್ಸಿನಿ ಎದುರಿನ ಪಂದ್ಯದ ಹದಿನಾಲ್ಕನೇ ಸುತ್ತಿನಲ್ಲಿ ಬಿದ್ದು, ದಿನಗಳ ಬಳಿಕ ತೀರಿಕೊಂಡ ಮೇಲೆ ವಿಶ್ವ ಪಟ್ಟ ಕೊಡುವ ಸಂಸ್ಥೆಗಳಲ್ಲಿ ಒಂದಾದ ಡಬ್ಲ್ಯುಬಿಸಿ ಮೊದಲು ಬದಲಾಯಿಸಿತು, ಉಳಿದ ಸಂಸ್ಥೆಗಳು ಆ ದಶಕದೊಳಗೆ ಹಿಂಬಾಲಿಸಿದವು.

ಹಣದ ಮಾತು. ಆ ರಾತ್ರಿ ಅಲಿಯವರಿಗೆ ಸಿಕ್ಕಿದ್ದು ಮೂವತ್ತು ಲಕ್ಷ ಡಾಲರ್, ಶೇವರ್ಸ್ ಅವರಿಗೆ ಮೂರು ಲಕ್ಷ. ಒಂದೇ ರಿಂಗ್, ಒಂದೇ ಹದಿನೈದು ಸುತ್ತು, ಹತ್ತು ಪಟ್ಟು ವ್ಯತ್ಯಾಸ. ಹಣ ಬರುವುದು ಜನ ಯಾರನ್ನು ನೋಡಲು ಬರುತ್ತಾರೆ ಎಂಬುದರ ಮೇಲೆ. ಬಂದ ಹಣವೂ ಪೂರ್ತಿ ಕೈಗೆ ಹತ್ತುವುದಿಲ್ಲ. ಮ್ಯಾನೇಜರ್‌ಗೆ ಮೂರನೇ ಒಂದು ಭಾಗದವರೆಗೂ, ತರಬೇತುದಾರರಿಗೆ ಹತ್ತರಲ್ಲಿ ಒಂದರ ಹತ್ತಿರ, ಆಮೇಲೆ ಶಿಬಿರದ ಖರ್ಚು, ಜೊತೆಗೆ ಅಭ್ಯಾಸಕ್ಕೆ ನಿಲ್ಲುವವರ ಕೂಲಿ, ತೆರಿಗೆ. ಅಡಿಕೆಯ ಧಾರಣೆ ಪೇಪರಿನಲ್ಲಿ ಓದಿ ಹಿಗ್ಗುವ ನಮಗೆ ಕಮಿಷನ್, ತೂಕ, ಸಾಗಾಟ ಕಳೆದು ಉಳಿಯುವುದೆಷ್ಟು ಎಂಬ ಲೆಕ್ಕ ಹೊಸದೇನಲ್ಲ.

ಅಲಿಯವರ ಬಳಿಕ ಶೇವರ್ಸ್ ಮುಗಿದರು ಎಂದು ತಿಳಿಯಬಾರದು. 1978ರಲ್ಲಿ ಲ್ಯಾರಿ ಹೋಮ್ಸ್ ಹನ್ನೆರಡು ಸುತ್ತೂ ಜಾಬ್ ಹಾಕುತ್ತ ಅವರನ್ನು ದೂರವೇ ಇಟ್ಟು ಗೆದ್ದರು. ಆ ವರ್ಷ ಪಟ್ಟವೇ ಎರಡು ಹೋಳಾಗಿತ್ತು. ಅಲಿಯವರನ್ನು ಸೋಲಿಸಿದ್ದ ಲಿಯಾನ್ ಸ್ಪಿಂಕ್ಸ್ ಅವರಿಂದ ಡಬ್ಲ್ಯುಬಿಸಿ ಮನ್ನಣೆ ಹಿಂತೆಗೆದು ಕೆನ್ ನಾರ್ಟನ್ ಅವರಿಗೆ ಕೊಟ್ಟಿತು. ನಾರ್ಟನ್ ಅವರಿಂದ ಹೋಮ್ಸ್ ಅದನ್ನು ರಿಂಗಿನಲ್ಲಿ ಗೆದ್ದರು. ಡಬ್ಲ್ಯುಬಿಎ ಪಟ್ಟ ಬೇರೆಯೇ ಉಳಿಯಿತು. ಆಗ ಎರಡೇ ಸಂಸ್ಥೆಗಳಿದ್ದವು, ಈಗ ಐಬಿಎಫ್, ಡಬ್ಲ್ಯುಬಿಒ ಸೇರಿ ನಾಲ್ಕು. ಒಂದೇ ತೂಕಕ್ಕೆ ನಾಲ್ವರು 'ವಿಶ್ವ ಚಾಂಪಿಯನ್'ಗಳು ಇರುವುದು ಹೇಗೆ ಎಂದು ಕೇಳುವವರಿಗೆ ಉತ್ತರ ಇದೇ. ಒಂದೇ ಊರಿನಲ್ಲಿ ನಾಲ್ಕು ಕ್ಲಬ್‌ಗಳು ನಾಲ್ಕು ಓಣಂ ಸ್ಪರ್ಧೆ ನಡೆಸಿ ನಾಲ್ಕು ಪ್ರಥಮ ಬಹುಮಾನ ಕೊಡುವುದನ್ನು ನಾವೂ ನೋಡಿದ್ದೇವೆ.

1979ರ ಮಾರ್ಚ್‌ನಲ್ಲಿ ಶೇವರ್ಸ್ ನಾರ್ಟನ್ ಎದುರು ನಿಂತರು. ಎರಡು ನಿಮಿಷದೊಳಗೆ ಪಂದ್ಯ ಮುಗಿಯಿತು. ಈಗ ಇದನ್ನು ನೋಡಿ: ನಾರ್ಟನ್ 1973ರಲ್ಲಿ ಅಲಿಯವರ ದವಡೆ ಮುರಿದು ಗೆದ್ದವರು, ಅಲಿ ಶೇವರ್ಸ್‌ರನ್ನು ಸೋಲಿಸಿದವರು, ಶೇವರ್ಸ್ ನಾರ್ಟನ್‌ರನ್ನು ಒಂದೇ ಸುತ್ತಿನಲ್ಲಿ ಉರುಳಿಸಿದವರು. ಮಕ್ಕಳ ಕಲ್ಲು-ಕತ್ತರಿ-ಕಾಗದದ ಆಟ. ಯಾರು ದೊಡ್ಡವರು ಎಂದು ಗೆರೆ ಎಳೆಯಲು ಹೋದರೆ ಅದು ಸುತ್ತಿ ಬಂದು ತನ್ನ ಬಾಲವನ್ನೇ ಹಿಡಿಯುತ್ತದೆ. ನಾರ್ಟನ್ ನೇರವಾಗಿ ಮುಂದೆ ನುಗ್ಗುತ್ತಿದ್ದರು, ಹಿಂದೆ ಸರಿಯುತ್ತ ಆಡಿ ಅಭ್ಯಾಸವಿರಲಿಲ್ಲ. ದೊಡ್ಡ ಗುದ್ದಿನವರ ಎದುರು ಹಾಗೆ ಆಡುವಂತಿಲ್ಲ. ಅವರನ್ನು ಫೋರ್‌ಮನ್ ಎರಡೇ ಸುತ್ತಿನಲ್ಲಿ, ಮುಂದೆ ಜೆರ್ರಿ ಕೂನಿ ಒಂದು ನಿಮಿಷದೊಳಗೆ ಮುಗಿಸಿದ್ದಕ್ಕೂ ಇದೇ ಕಾರಣ. ಬಾಕ್ಸರ್‌ನ ಶಕ್ತಿ ಎನ್ನುವುದು ಅವರೊಬ್ಬರೊಳಗೇ ಇರುವ ವಸ್ತುವಲ್ಲ. ಎದುರಿಗೆ ನಿಂತವರ ಅಭ್ಯಾಸದೊಡನೆ ಸೇರಿದಾಗ ಮಾತ್ರ ಅದಕ್ಕೆ ಅಳತೆ.

ಆ ಗೆಲುವು ಅವರನ್ನು ಹೋಮ್ಸ್ ಎದುರಿಗೆ ಮತ್ತೆ ತಂದಿತು, ಈ ಸಲ ಪಟ್ಟಕ್ಕೆ. 1979ರ ಸೆಪ್ಟೆಂಬರ್ 28, ಲಾಸ್ ವೇಗಸ್. ಆರು ಸುತ್ತು ಹೋಮ್ಸ್ ಅವರ ಜಾಬ್‌ಗೆ ಮುಖ ಒಡ್ಡಿದ ಶೇವರ್ಸ್ ಏಳನೇ ಸುತ್ತಿನ ಕೊನೆಗೆ ಬಲಗೈ ಬೀಸಿದರು. ಹೋಮ್ಸ್ ಕಡಿದ ಮರದಂತೆ ಬಿದ್ದರು. ಆ ದೃಶ್ಯದ ಹಳೆಯ ವಿಡಿಯೋ ಈಗಲೂ ಸಿಗುತ್ತದೆ; ಬಿದ್ದವರು ಏಳುತ್ತಾರೆ ಎಂದು ಗೊತ್ತಿದ್ದೂ ನೋಡುವಾಗ ನಂಬಿಕೆ ಬರುವುದಿಲ್ಲ. ಎದ್ದರು. ಅಷ್ಟೇ ಅಲ್ಲ, ಅಂಟಿಕೊಂಡು, ತೋಳು ಸಿಕ್ಕಿಸಿ, ಗಂಟೆ ಹೊಡೆಯುವ ತನಕ ದಾಟಿಸಿಕೊಂಡರು. ಹನ್ನೊಂದನೇ ಸುತ್ತಿನಲ್ಲಿ ರೆಫರಿ ನಿಲ್ಲಿಸಿದ್ದು ಶೇವರ್ಸ್ ಹೊಡೆತ ತಿನ್ನುತ್ತಿದ್ದುದನ್ನು ನೋಡಿ. ಫೋರ್‌ಮನ್‌ಗೂ ಶೇವರ್ಸ್‌ಗೂ ಇದ್ದ ಅಂತರ ನನ್ನ ಕಣ್ಣಿಗೆ ಕಾಣುವುದು ಇಂಥಲ್ಲೇ. ಫೋರ್‌ಮನ್ ಅವರಿಗೆ ಎದುರಾಳಿಯನ್ನು ಗುದ್ದುವ ಜಾಗಕ್ಕೆ ತಂದು ನಿಲ್ಲಿಸುವ ಭಾರವಾದ ಜಾಬ್ ಇತ್ತು, ಹೊಡೆತ ತಾಳುವ ಗದ್ದ ಇತ್ತು, 1968ರ ಒಲಿಂಪಿಕ್ ಚಿನ್ನ ಕೊಟ್ಟ ಬುನಾದಿ ಇತ್ತು. ಶೇವರ್ಸ್ ಅವರಿಗೆ ಬಲಗೈ ಇತ್ತು. ಅದು ಎಷ್ಟು ದೊಡ್ಡದೆಂದರೆ ಉಳಿದದ್ದನ್ನು ಕಲಿಯಲೇಬೇಕೆಂಬ ಒತ್ತಡ ಬಹುಕಾಲ ಬರಲೇ ಇಲ್ಲ.

ಮುಂದಿನದು ಇಳಿಜಾರು. 1980ರಲ್ಲಿ ಟೆಕ್ಸ್ ಕಾಬ್ ಎದುರು ಎಂಟನೇ ಸುತ್ತಿನಲ್ಲಿ ಸೋಲು. ಕಣ್ಣಿನ ರೆಟಿನಾ ಕಳಚಿ ಶಸ್ತ್ರಚಿಕಿತ್ಸೆ. ಬಾಕ್ಸರ್‌ಗಳಲ್ಲಿ ಇದು ಅಪರೂಪವಲ್ಲ. ಗುದ್ದಿನ ಅದುರುವಿಕೆಗೆ ಕಣ್ಣಿನ ಹಿಂಪದರ ಗೋಡೆಯಿಂದ ಬಿಡುತ್ತದೆ. 1995ರಲ್ಲಿ, ಐವತ್ತೊಂದರ ವಯಸ್ಸಿನಲ್ಲಿ ಮತ್ತೆ ರಿಂಗಿಗಿಳಿದು ಒಂದು ಗೆದ್ದು ಒಂದು ಸೋತರು. ತರಬೇತುದಾರರ ನಡುವೆ ಹಳೆಯ ಮಾತೊಂದಿದೆ: ಮೊದಲು ಹೋಗುವುದು ಕಾಲು, ಕೊನೆಗೆ ಹೋಗುವುದು ಗುದ್ದು. ಮುದುಕರಾದ ಗುದ್ದುಗಾರರು ಮತ್ತೆ ಮತ್ತೆ ಹಿಂದಿರುಗುವುದಕ್ಕೆ ಇದೇ ಕಾರಣ. ಚೀಲಕ್ಕೆ ಹೊಡೆದು ನೋಡುವಾಗ ಎಲ್ಲವೂ ಮೊದಲಿನಂತೆಯೇ ಇದೆ ಎನಿಸುತ್ತದೆ. ಚೀಲ ತಿರುಗಿ ಹೊಡೆಯುವುದಿಲ್ಲ. ಮಿದುಳಿನ ಹಾನಿ ವರ್ಷಗಳ ಬಳಿಕ ತೋರಿಸಿಕೊಳ್ಳುತ್ತದೆ ಎಂಬುದನ್ನು 1928ರಷ್ಟು ಹಿಂದೆಯೇ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯರು ಬರೆದಿದ್ದರು. ಶೇವರ್ಸ್ 2022ರ ಸೆಪ್ಟೆಂಬರ್ 1ರಂದು, ಎಪ್ಪತ್ತೆಂಟು ತುಂಬಿದ ಮರುದಿನ ತೀರಿಕೊಂಡರು. ಅದಕ್ಕೂ ಸುಮಾರು ಎರಡು ದಶಕ ಮೊದಲು, 2003ರಲ್ಲಿ, 'ದಿ ರಿಂಗ್' ಪತ್ರಿಕೆ ಸಾರ್ವಕಾಲಿಕ ನೂರು ಗುದ್ದುಗಾರರ ಪಟ್ಟಿ ಮಾಡಿದಾಗ ಅವರಿಗೆ ಹತ್ತನೇ ಸ್ಥಾನ ಕೊಟ್ಟಿತ್ತು. ಮೊದಲನೆಯದು ಜೋ ಲೂಯಿಸ್ ಅವರಿಗೆ.

"ನಮ್ಮವರು ಯಾರೂ ಇಲ್ಲವೇ?" ಎಂದ ಅಳಿಯ. ಇದ್ದಾರೆ, ಹೆಚ್ಚಾಗಿ ಇನ್ನೊಂದು ಬಾಕ್ಸಿಂಗಿನಲ್ಲಿ. ಪಕ್ಕದ ಕಣ್ಣೂರಿನ ಕೆ.ಸಿ. ಲೇಖಾ 2006ರಲ್ಲಿ ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದವರು. ಅದು ಹವ್ಯಾಸಿ ಬಾಕ್ಸಿಂಗ್: ಕೆಲವೇ ಸುತ್ತು, ದೇಶದ ತಂಡ, ಪದಕ, ಅಲ್ಲಿ ಒಂದು ದೊಡ್ಡ ಗುದ್ದಿಗಿಂತ ಶುಚಿಯಾಗಿ ತಗಲಿದ ನಾಲ್ಕು ಸಣ್ಣ ಗುದ್ದುಗಳಿಗೆ ಬೆಲೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ವಿಜೇಂದರ್ ಸಿಂಗ್ 2015ರಲ್ಲಿ ವೃತ್ತಿಪರರಾದರು, ಹನ್ನೆರಡು ಪಂದ್ಯಗಳ ಬಳಿಕ 2021ರಲ್ಲಿ ಗೋವಾದಲ್ಲಿ ಮೊದಲ ಸೋಲು ಕಂಡರು. ಆ ಹನ್ನೆರಡರಲ್ಲಿ ಎದುರಾಳಿಗಳು ಯಾರು ಯಾರು ಎಂದು ಅಳಿಯ ಆಗಲೇ ಮೊಬೈಲ್ ತೆಗೆದು ಹುಡುಕತೊಡಗಿದ್ದ. ಒಳ್ಳೆಯ ಲಕ್ಷಣ.

ಮರುದಿನ ಸಂಜೆ ಅವನು ಮತ್ತೆ ಜಾತ್ರೆಗೆ ಹೋದ. ಈ ಸಲ ಹಿಂಗಾಲಿನ ಹಿಮ್ಮಡಿ ಎತ್ತಿ, ಸೊಂಟ ತಿರುಗಿಸಿ ಹೊಡೆದನಂತೆ. ಸಣಕಲು ಗೆಳೆಯನ ಸಂಖ್ಯೆ ದಾಟಿತು. ಜೊತೆಗೆ ಮಣಿಕಟ್ಟೂ ಉಳುಕಿತು. ಬಾಕ್ಸರ್‌ಗಳು ಗ್ಲೌಸಿನೊಳಗೆ ಕೈಗೆ ಬಟ್ಟೆಯ ಪಟ್ಟಿ ಸುತ್ತುವುದು ಯಾಕೆ ಎಂಬುದನ್ನು ನಾನು ಹೇಳಲು ಮರೆತಿದ್ದೆ. ರಾತ್ರಿ ತಂಗಿ ಎಣ್ಣೆ ಬಿಸಿಮಾಡಿ ಹಚ್ಚುತ್ತ, ಹೀಗೆ ಗುದ್ದಲು ಯಾರು ಹೇಳಿಕೊಟ್ಟದ್ದು ಎಂದು ವಿಚಾರಿಸಿದಳು. ಅವನು ಮಾಡಿನ ಕಡೆ ನೋಡಿದ. ನಾನು ಪೇಪರ್ ಓದುತ್ತಿದ್ದೆ.